ಅಡುಗೆಮನೆ ಬಾಗಿಲು

ಮಿಲಾನ್ ನಗರದ ಸಾಂತಾ ಮರಿಯಾ ದೆಲ್ಲೆ ಗ್ರಾತ್ಸಿಯೆ ಚರ್ಚಿನ ಮಠದಲ್ಲಿ, ಊಟದ ಮನೆಯ ಗೋಡೆ ಮೇಲೆ ಲಿಯೊನಾರ್ಡೊ ಬರೆದ ‘ಲಾಸ್ಟ್ ಸಪ್ಪರ್’ ಚಿತ್ರ ನೋಡೋಕೆ ಕೊಡುವುದು ಬರೀ 15 ನಿಮಿಷ. ಅದರಲ್ಲಿ ನಾಲ್ಕು ನಿಮಿಷ ನಾನು ಒಬ್ಬ ಎತ್ತರದ ಮನುಷ್ಯನ ಬೆನ್ನು ನೋಡಿದೆ. ಅವನ ಮೊಣಕೈ ಸಂದಿಯಲ್ಲಿ ಕಂಡದ್ದು ಯೇಸುವಲ್ಲ, ಬಾಗಿಲು. ಯೇಸುವಿನ ಪಾದ ಇರಬೇಕಾದ ಕಡೆ, ಮುಚ್ಚಿಹೋದ ಬಾಗಿಲಿನ ಗುರುತು.

1652ರಲ್ಲಿ ಅಲ್ಲಿನ ಡೊಮಿನಿಕನ್ ಸನ್ಯಾಸಿಗಳು ಊಟದ ಮನೆಯಿಂದ ಅಡುಗೆಮನೆಗಿದ್ದ ಬಾಗಿಲನ್ನು ದೊಡ್ಡದು ಮಾಡಿಸಿದರಂತೆ. ಪಾದ ಹೋಯಿತು. ಗುಂಪಿನಲ್ಲೊಬ್ಬರು ‘ಛೆ’ ಅಂದರು. ನನಗೆ ಮಾತ್ರ ಸನ್ಯಾಸಿಗಳ ಮೇಲೆ ಸಿಟ್ಟು ಬರಲಿಲ್ಲ.

ಯಾಕೆಂದರೆ ನಮ್ಮ ಅತ್ತೆ ಮನೆಗೆ ದೊಡ್ಡ ಫ್ರಿಜ್ ಬಂದಾಗಲೂ ಹೀಗೇ ಆಗಿತ್ತು. ಅಡುಗೆಮನೆ ಬಾಗಿಲಲ್ಲಿ ಅದು ತೂರಲಿಲ್ಲ. ಬಾಗಿಲ ಪಕ್ಕದ ಗೋಡೆಯಲ್ಲಿ ಮನೆಮಕ್ಕಳ ಎತ್ತರದ ಪೆನ್ಸಿಲ್ ಗೆರೆಗಳಿದ್ದವು. ಪ್ರತಿ ಯುಗಾದಿಗೆ ಹೊಸ ಬಟ್ಟೆ ಹಾಕಿಸಿ, ತಲೆ ಮೇಲೆ ಸ್ಕೇಲ್ ಇಟ್ಟು ಮಾವ ಎಳೆದ ಗೆರೆಗಳು. ನಮ್ಮೆಜಮಾನರು ಒಂದು ವರ್ಷ ಹಿಮ್ಮಡಿ ಎತ್ತಿ ಮೋಸ ಮಾಡಿದ್ದರಂತೆ. ಮುಂದಿನ ವರ್ಷ ಅವರ ಗೆರೆ ಕೆಳಗಿಳಿದಿತ್ತು! ಗಾರೆಯವನು ಬಂದು ಎಲ್ಲವನ್ನೂ ಒಂದು ಗಂಟೆಯಲ್ಲಿ ಕೆಡವಿದ. ಸಂಜೆ ಬಂದ ನಾದಿನಿ ಗೋಡೆ ನೋಡಿ ಅತ್ತೇಬಿಟ್ಟಳು. ಅತ್ತೆ ಮಾತ್ರ, “ಮೊಸರು ಹುಳಿ ಬಂದ್ರೆ ನೀನು ತಿಂತೀಯೇನೇ?” ಅಂದರು. ಮಾವ ಏನೂ ಮಾತಾಡಲಿಲ್ಲ. ರಾಶಿಯಿಂದ ಗೆರೆಯಿದ್ದ ಗಾರೆ ಚೂರೊಂದನ್ನು ಹುಡುಕಿ ತೆಗೆದು ಬೀರುವಿನಲ್ಲಿಟ್ಟರು. ಅದು ಯಾರ ಗೆರೆ ಅಂತ ಇವತ್ತಿಗೂ ಜಗಳವಿದೆ.

ಸನ್ಯಾಸಿಗಳಿಗೂ ಬಿಸಿ ಸೂಪು ಬೇಕಲ್ವಾ? ಚಿತ್ರವೂ ಅಷ್ಟು ಹೊತ್ತಿಗೆ ಹಾಳಾಗಿತ್ತು. ಒಣ ಗೋಡೆಯ ಮೇಲೆ ಬರೆದದ್ದು, ಕೆಲವೇ ವರ್ಷಗಳಲ್ಲಿ ಉದುರತೊಡಗಿತ್ತು.

ಗೋಡೆ ಒಡೆಸುವ ಚಟ ಅಲ್ಲಿ ಮೊದಲು ಇದ್ದದ್ದು ದೊಡ್ಡವರಿಗೇ. ಚರ್ಚಿಗೆ ಜಾಗ ಕೊಟ್ಟವನು ಮಿಲಾನ್ ಆಳುತ್ತಿದ್ದ ಸ್ಫೋರ್ಜಾಗಳ ದಂಡನಾಯಕ ಗಾಸ್ಪಾರೆ ವಿಮರ್ಕಾತಿ. 1463ರಲ್ಲಿ ಶುರುವಾದ ಕಟ್ಟಡಕ್ಕೆ ಗ್ವಿನಿಫೋರ್ತೆ ಸೊಲಾರಿ ಶಿಲ್ಪಿ. ಇಟ್ಟಿಗೆಯ ಅಗಲ ಮುಖ, ಒಳಗೆ ಕಂಬಗಳು, ಚೂಪು ಕಮಾನು, ಒಂಚೂರು ಮಬ್ಬು. ಅದರ ಗಾರೆ ಸರಿಯಾಗಿ ಹಳತಾಗುವ ಮೊದಲೇ ಆಗ ಆಳುತ್ತಿದ್ದ ಲುದೊವಿಕೊ ಸ್ಫೋರ್ಜಾಗೆ ಅದು ಸಣ್ಣದೆನಿಸಿತು. ತನ್ನ ವಂಶದ ಸಮಾಧಿಗೆ ತಕ್ಕ ಜಾಗ ಬೇಕೆಂದು 1492ರಲ್ಲಿ ಹಿಂಭಾಗವನ್ನೇ ಕೆಡವಿಸಿದ. ಅಲ್ಲಿ ಎದ್ದದ್ದು ದೊಡ್ಡ ಚೌಕ, ಮೇಲೆ ಗುಮ್ಮಟ, ಗೋಡೆಯಲ್ಲೆಲ್ಲ ಬಳೆ ಜೋಡಿಸಿಟ್ಟಂಥ ವೃತ್ತಗಳು. ವಾಸ್ತುಶಿಲ್ಪಿ ಬ್ರಮಾಂತೆಯ ಕೈಚಳಕ ಎನ್ನುತ್ತಾರೆ. ಮಬ್ಬಿನಲ್ಲಿ ನಡೆದು ಅಲ್ಲಿಗೆ ಹೋಗಿ ನಿಂತರೆ ಹಿತ್ತಲ ಬಾಗಿಲು ತೆಗೆದಂತೆ ಬೆಳಕು. ಕತ್ತೆತ್ತಿ ನಿಂತವರು ನಾವು ಮೂವರೇ. ಮಿಕ್ಕವರೆಲ್ಲ 15 ನಿಮಿಷದ ಸಾಲಿನಲ್ಲಿದ್ದರು. ಇಷ್ಟು ದೂರ ಬಂದು ಪಕ್ಕದ ಬಾಗಿಲಿಗೆ ಇಣುಕದವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಏನು ಅವಸರವೋ!

1497ರಲ್ಲಿ ಲುದೊವಿಕೊನ ಹೆಂಡತಿ ಬೆಯಾತ್ರೀಚೆ ತೀರಿಕೊಂಡಾಗ ಅಲ್ಲೇ ಮಣ್ಣು ಮಾಡಿದರು. ಅವನು ಮಾತ್ರ ಫ್ರೆಂಚರ ಸೆರೆಯಾಳಾಗಿ 1508ರಲ್ಲಿ ಫ್ರಾನ್ಸ್‌ನಲ್ಲಿ ಸತ್ತ. ಇಬ್ಬರೂ ಜೊತೆಯಾಗಿ ಮಲಗಿದಂತೆ ಕಡೆಸಿದ್ದ ಅಮೃತಶಿಲೆಯ ಪ್ರತಿಮೆಗಳು ಈಗ ಪಾವಿಯಾದ ಮಠದಲ್ಲಿವೆ. 1943ರ ಆಗಸ್ಟಿನಲ್ಲಿ ಬಾಂಬು ಬಿದ್ದಾಗ ಊಟದ ಮನೆ ಕುಸಿಯಿತು. ಮರಳು ಮೂಟೆ ಒಟ್ಟಿದ್ದ ಚಿತ್ರದ ಗೋಡೆ ನಿಂತಿತು. ಸನ್ಯಾಸಿಗಳ ಬಾಗಿಲ ಗುರುತೂ ಉಳಿಯಿತು.

ಇದರಿಂದೆಲ್ಲ ಏನೋ ಒಂದು ಹೇಳಬೇಕೆಂದು ವಿಮಾನದಲ್ಲಿ ಯೋಚಿಸಿದ್ದೆ. ಪಕ್ಕದ ಮನೆಯವರು “ಲಾಸ್ಟ್ ಸಪ್ಪರ್ ಹೇಗಿತ್ರೀ?” ಅಂತ ಕೇಳಿದಾಗ ಬಾಯಿಗೆ ಬಂದದ್ದು ಕಪ್ಪೆಗಳು. ಚರ್ಚಿನ ಪಕ್ಕದ ಪುಟ್ಟ ಅಂಗಳದ ಕೊಳದಲ್ಲಿ ನಾಲ್ಕು ಕಂಚಿನ ಕಪ್ಪೆಗಳಿವೆ. ಅಲ್ಲಿ ಸುಮ್ನೆ ಕೂತಿದ್ದೆ. ಎದ್ದು ಹೋಗಿ ಅಂತ ಯಾರೂ ಹೇಳಲಿಲ್ಲ.