ಅಮೆರಿಕದಲ್ಲಿ ಹಳಿ ಕಂಡಲ್ಲೆಲ್ಲ ಕಾರು ನಿಲ್ಲಿಸಬೇಕಾ? ಒಂದು ಸ್ಪಷ್ಟನೆ

"ಅಮೆರಿಕದಲ್ಲಿ ಪ್ರತಿ ರೈಲ್ವೆ ಕ್ರಾಸಿಂಗ್‌ನಲ್ಲೂ ಕಾರು ಪೂರ್ತಿ ನಿಲ್ಲಿಸಲೇಬೇಕು, ಇಲ್ಲದಿದ್ದರೆ ದಂಡ" ಅಂತ ಒಂದು ಮೆಸೇಜ್ ಅಲ್ಲಿನ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ಸರಿಯಲ್ಲ.

ಈ ನಿಯಮ ಮಾಡುವುದು ಆಯಾ ರಾಜ್ಯ. ಟೆಕ್ಸಾಸ್‌ನಲ್ಲಿ ಕೆಂಪು ದೀಪ ಮಿನುಗುತ್ತಿದ್ದರೆ, ಗೇಟು ಇಳಿದಿದ್ದರೆ ಅಥವಾ ರೈಲು ಹತ್ತಿರ ಬರುತ್ತಿರುವುದು ಕಂಡರೆ, ಹಳಿಯಿಂದ 15ರಿಂದ 50 ಅಡಿ ದೂರದೊಳಗೆ ನಿಲ್ಲಬೇಕು. ಕ್ಯಾಲಿಫೋರ್ನಿಯಾದಲ್ಲೂ ಕನಿಷ್ಠ 15 ಅಡಿ ಬಿಡಬೇಕು. ಇದ್ಯಾವುದೂ ಇಲ್ಲ, ಸ್ಟಾಪ್ ಬೋರ್ಡೂ ಇಲ್ಲ ಅಂದರೆ ನಿಧಾನ ಮಾಡಿ, ಎರಡೂ ಕಡೆ ನೋಡಿಕೊಂಡು ದಾಟಬಹುದು. ಸುಮ್ನೆ ಬ್ರೇಕ್ ಹಾಕಿದರೆ ಹಿಂದಿನ ಗಾಡಿ ಬಂದು ಗುದ್ದುವ ಅಪಾಯವೇ ಜಾಸ್ತಿ.

ಪ್ರಯಾಣಿಕರ ಬಸ್ಸು, ಪೆಟ್ರೋಲ್ ಟ್ಯಾಂಕರ್‌ಗಳ ನಿಯಮ ಬೇರೆ. ದೀಪ ಮಿನುಗದಿದ್ದರೂ ಅವು ಬಹುತೇಕ ಕ್ರಾಸಿಂಗ್‌ಗಳಲ್ಲಿ ನಿಲ್ಲಲೇಬೇಕು, ಹೆಚ್ಚಿನ ರಾಜ್ಯಗಳಲ್ಲಿ ಶಾಲಾ ಬಸ್ಸೂ ಅಷ್ಟೇ. ಅದನ್ನು ನೋಡಿಯೇ ಈ ಗೊಂದಲ ಹುಟ್ಟಿರಬೇಕು, ಅಲ್ವಾ?

ಇಳಿದ ಗೇಟಿನ ಪಕ್ಕದಿಂದ ಸುತ್ತಿಕೊಂಡು ಮಾತ್ರ ದಯವಿಟ್ಟು ನುಗ್ಗಬೇಡಿ. ಒಂದು ರೈಲು ಹೋದ ಮೇಲೆ ಪಕ್ಕದ ಹಳಿಯಲ್ಲಿ ಇನ್ನೊಂದು ಬರುತ್ತಿರಬಹುದು. ಕಾರು ಹಳಿ ಮೇಲೆ ಕೆಟ್ಟು ನಿಂತರೆ ಮೊದಲು ಎಲ್ಲರೂ ಇಳಿದು ದೂರ ಹೋಗಿ, ಆಮೇಲೆ ಅಲ್ಲಿರುವ ನೀಲಿ ಬೋರ್ಡಿನ ನಂಬರಿಗೆ ಫೋನ್ ಮಾಡಿ.