ಕರೆಯದೆ ಬಂದ ಆಲ್ಡರ್

ಅಮೆರಿಕದ ಸಿಯಾಟಲ್ ಕಡೆಯ ಯಾವುದಾದರೂ ಮಾಮೂಲಿ ನರ್ಸರಿಗೆ ಹೋಗಿ ಆಲ್ಡರ್ ಮರದ ಸಸಿ ಬೇಕು ಅಂತ ಕೇಳಿ ನೋಡಿ. ಜಪಾನಿ ಮೇಪಲ್ ಕೇಳಿದರೆ ಸಾಲುಗಟ್ಟಲೆ ಕುಂಡ ತೋರಿಸುವವರು ಈಗ ನಿಮ್ಮ ಮುಖ ನೋಡುತ್ತಾರೆ. ಅದನ್ನೂ ಯಾರಾದರೂ ದುಡ್ಡು ಕೊಟ್ಟು ತಗೊಳ್ತಾರಾ ಅನ್ನುವ ನೋಟ ಅದು. ಅವರದ್ದೇನೂ ತಪ್ಪಿಲ್ಲ. ಈ ಊರಿನಲ್ಲಿ ಆಲ್ಡರ್ ಬೇಕಾದವರು ಅದನ್ನು ನೆಡಬೇಕಾಗಿಲ್ಲ. ಒಂದಿಷ್ಟು ನೆಲ ಕೆದರಿ, ಬೀಜ ಬೀಳುವ ಕಾಲಕ್ಕೆ ಸುಮ್ಮನಿದ್ದರೆ ಸಾಕು.

ನಮ್ಮ ಬಡಾವಣೆ ಕಟ್ಟುವಾಗ ಕೆದರಿದ್ದು ಬುಲ್ಡೋಜರ್. ಮೇಲ್ಮಣ್ಣೆಲ್ಲ ಎತ್ತಿಕೊಂಡು ಹೋಗಿ, ಉಳಿದ ಗಟ್ಟಿ ನೆಲದ ಮೇಲೆ ಹುಲ್ಲಿನ ಹಾಸು ಅಂಟಿಸಿ ಮನೆ ಮಾರಿದರು. ಹುಲ್ಲು ಹಿಡಿಯದ ಮೂಲೆ ಒಂದು ಹಿತ್ತಿಲಿನಲ್ಲಿ ಉಳಿದಿತ್ತು. ಆಲ್ಡರ್ ಬಂದದ್ದು ಅಲ್ಲಿಗೇ. ಬೀಜ ಎಷ್ಟು ಹಗುರ ಎಂದರೆ ಒಂದು ಗ್ರಾಮ್ ತೂಗಲು ಸಾಮಾನ್ಯವಾಗಿ ಸಾವಿರಕ್ಕೂ ಹೆಚ್ಚು ಬೇಕು. ಗಾಳಿ ಎತ್ತಿಕೊಂಡು ಹೋದ ಕಡೆ ಹೋಗುತ್ತದೆ. ಬಿದ್ದ ಕಡೆ ಬರೀ ಮಣ್ಣು, ಬಿಸಿಲು, ಸ್ವಲ್ಪ ತೇವ ಇದ್ದರೆ ಮುಗಿಯಿತು. ಮೊದಲ ವರ್ಷವೇ ಒಂದು ಮೀಟರ್ ಎತ್ತರ. ಆಮೇಲೆ ಒಳ್ಳೆ ಜಾಗದಲ್ಲಿ ವರ್ಷಕ್ಕೆ ಮೂರು ಮೀಟರ್ ಏರಿದ್ದೂ ಉಂಟು. ನಾವು ಈ ಮೂಲೆಯಲ್ಲಿ ಏನು ನೆಡೋಣ ಅಂತ ಚರ್ಚೆ ಮಾಡುತ್ತಿರುವಾಗಲೇ ಅದು ಬೇಲಿಯ ಆಚೆ ಇಣುಕುತ್ತಿತ್ತು.

ಅಲಾಸ್ಕಾದಿಂದ ಕ್ಯಾಲಿಫೋರ್ನಿಯಾದವರೆಗೆ ಪೆಸಿಫಿಕ್ ಕರಾವಳಿಯ ಉದ್ದಕ್ಕೂ ಬೆಳೆಯುವ ಕೆಂಪು ಆಲ್ಡರ್ ಇದು. ಹಳ್ಳದ ದಂಡೆ, ಗುಡ್ಡ ಕುಸಿದ ಜಾಗ, ಕಾಡು ಕಡಿದ ಬಯಲು ಇದರ ಇಷ್ಟದ ಠಾವು. 1980ರ ಮೇ 18ರಂದು ಇಲ್ಲಿಯ ಮೌಂಟ್ ಸೇಂಟ್ ಹೆಲೆನ್ಸ್ ಜ್ವಾಲಾಮುಖಿ ಸಿಡಿಯಿತಲ್ಲ, ಬೆಟ್ಟದ ಒಂದು ಮಗ್ಗುಲೇ ಜಾರಿ ಕಣಿವೆಯನ್ನು ತುಂಬಿತು. ಆ ಕಲ್ಲುಮಣ್ಣಿನ ರಾಶಿಯ ಮೇಲೂ ಆಲ್ಡರ್ ತೋಪೆದ್ದಿದೆ. ಅಂಥದ್ದಕ್ಕೆ ನಮ್ಮ ಹಿತ್ತಿಲು ಯಾವ ಲೆಕ್ಕ?

ಗೊಬ್ಬರವಿಲ್ಲದ ನೆಲದಲ್ಲಿ ಇಷ್ಟು ಸೊಕ್ಕಿ ಬೆಳೆಯುವ ಗುಟ್ಟು ಬೇರಿನಲ್ಲಿದೆ. ಒಂದು ಎಳೆ ಸಸಿಯನ್ನು ಕಿತ್ತು ನೋಡಿದರೆ ಬೇರಿನ ತುಂಬ ಸಣ್ಣ ಸಣ್ಣ ಗಂಟು. ಶೇಂಗಾ ಬೇರಿನಲ್ಲಿ ಇರುವ ಗಂಟಿನ ಕೆಲಸವೇ ಇದಕ್ಕೂ: ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಉಣ್ಣಿಸುವುದು. ಆದರೆ ಒಳಗೆ ಕೂತ ಸೂಕ್ಷ್ಮಜೀವಿ ಬೇರೆ, ಅದು ಫ್ರಾಂಕಿಯಾ. ನಾನು ಹೊನ್ನಾವರದ ಕಡೆಯವನು. ಕಾಸರಕೋಡಿನ ಸಮುದ್ರದಂಡೆಯ ಗಾಳಿಮರಗಳ ಕೆಳಗೆ ಓಡಾಡಿ ಬೆಳೆದವನು. ಆ ಗಾಳಿಮರ ಬರೀ ಮರಳಿನಲ್ಲಿ ಹೇಗೆ ಬದುಕುತ್ತದೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇಲ್ಲಿ, ಇಷ್ಟು ದೂರ ಬಂದ ಮೇಲೆ. ಅದರ ಬೇರಿನಲ್ಲಿ ಇರುವುದೂ ಫ್ರಾಂಕಿಯಾವೇ. ಎರಡಕ್ಕೂ ಬೆರಳತುದಿಯಷ್ಟು ಪುಟ್ಟ ಗಟ್ಟಿ ಕಾಯಿ ಬೇರೆ. ನೆಂಟಸ್ತಿಕೆ ತೀರ ದೂರದ್ದು, ಆದರೂ ಊರಿನವರು ಸಿಕ್ಕಷ್ಟು ಖುಷಿ ನನಗೆ.

ಅಕ್ಟೋಬರಿನಲ್ಲಿ ಇಲ್ಲಿ ಎಲ್ಲರೂ ಎಲೆ ನೋಡಲು ಹೋಗುತ್ತಾರೆ. ಮೇಪಲ್ ಕೆಂಪು, ಹಳದಿ, ಅದರ ಮುಂದೆ ಫೋಟೊ. ಆಲ್ಡರ್ ಮುಂದೆ ಯಾರೂ ನಿಲ್ಲುವುದಿಲ್ಲ. ಎಲೆ ಹಸಿರಿರುವಾಗಲೇ, ಸ್ವಲ್ಪ ಕಂದಿ, ಪಟಪಟ ಉದುರಿಬಿಡುತ್ತದೆ. ಬೇರೆ ಮರಗಳು ಎಲೆ ಉದುರಿಸುವ ಮುಂಚೆ ಅದರಲ್ಲಿರುವ ಸಾರಜನಕವನ್ನು ಹೀರಿ ಕೊಂಬೆಗೆ ಸೇರಿಸಿಕೊಳ್ಳುತ್ತವೆ. ಹಸಿರು ಕರಗಿ ಬಣ್ಣ ಕಾಣುವುದು ಆ ಗಡಿಬಿಡಿಯಲ್ಲಿ. ಆಲ್ಡರ್ ಮಾತ್ರ ತಿಂಗಳ ಸಂಬಳ ತಪ್ಪದೆ ಬರುವವನ ಹಾಗೆ. ಉಳಿಸುವ ಚಿಂತೆ ಇಲ್ಲ, ಇದ್ದದ್ದನ್ನು ಇದ್ದ ಹಾಗೇ ಚೆಲ್ಲುತ್ತದೆ. ಚೆಲ್ಲಿದ್ದೆಲ್ಲ ಬೇಗ ಕೊಳೆತು ಮಣ್ಣಾಗುತ್ತದೆ. ಹುಲುಸಾದ ಆಲ್ಡರ್ ತೋಪೊಂದು ಹೆಕ್ಟೇರಿಗೆ ವರ್ಷಕ್ಕೆ 100 ಕಿಲೋ ಮೀರಿ ಸಾರಜನಕ ಕೂಡಿಸಬಲ್ಲದು. ಯೂರಿಯಾ ಚೀಲ ಹೊತ್ತವರಿಗೆ ಇದರ ಬೆಲೆ ಗೊತ್ತು.

ಅಮ್ಮ ಬಂದಿದ್ದಾಗ ಅವಳ ಕಣ್ಣು ಮೇಪಲ್ ಮೇಲೆ ಹೋಗಲೇ ಇಲ್ಲ. ಬೀದಿಯ ಮನೆಮನೆ ಎದುರಿಗಿನ, ಉದುರಿದ ಎಲೆ ತುಂಬಿದ ಕಸದ ಡಬ್ಬಿಗಳನ್ನೇ ನೋಡುತ್ತಿದ್ದಳು.

"ಎಂತದೋ ಇದು, ಇಷ್ಟು ಚಲೋ ದರಕನ್ನ ತುಂಬಿ ರಸ್ತೆಗೆ ಇಡ್ತ್ರಲ!"

"ಗಾಡಿ ಬಂದು ತಗೊಂಡು ಹೋಗ್ತದೆ ಅಮ್ಮ. ಗೊಬ್ಬರ ಮಾಡಿ ಆಮೇಲೆ ಮಾರ್ತಾರೆ."

"ಮತ್ತೆ ಇವರೇ ತಗಳದಾ?"

"ಹೌದು."

ಅವಳು ಮುಂದೆ ಮಾತಾಡಲಿಲ್ಲ. ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟದಿಂದ ತಲೆಹೊರೆಯಲ್ಲಿ ಸೊಪ್ಪು, ದರಕು ತಂದ ಮನೆಯವಳು. ಆ ವರ್ಷದಿಂದ ನಮ್ಮ ಆಲ್ಡರ್ ಎಲೆ ಡಬ್ಬಿಗೆ ಹೋಗುವುದಿಲ್ಲ. ಬ್ಲೂಬೆರಿ ಬುಡಕ್ಕೆ ಒಂದು ಪಾಲು. ಕೊಳೆಸಿದ ಮೇಲೆ, ಚಳಿಗಾಲವಿಡೀ ಕಿಟಕಿಯ ಪಕ್ಕ ಕೂರುವ ಕರಿಬೇವಿನ ಕುಂಡಕ್ಕೆ ಇನ್ನೊಂದು ಪಾಲು.

ಸರಿ, ಇದರ ಆರೈಕೆ ಹೇಗೆ? ಕೈ ಕಟ್ಟಿ ಕೂರುವುದೇ ಮುಕ್ಕಾಲು ಪಾಲು ಆರೈಕೆ. ನಮ್ಮಂಥವರಿಗೆ ಅದು ಕಷ್ಟ. ಗೊಬ್ಬರ ಬೇಡ. ಇಲ್ಲಿಯ ಬೇಸಿಗೆ ಒಣ ಬೇಸಿಗೆ, ಮಳೆಯೆಲ್ಲ ಚಳಿಗಾಲದ್ದು. ಹಾಗಾಗಿ ಎಳೆ ಸಸಿಗೆ ಮೊದಲ ಒಂದೆರಡು ಬೇಸಿಗೆ ನೀರು ಬೇಕು, ಆಮೇಲೆ ತೇವದ ಜಾಗವಾದರೆ ಅದೂ ಬೇಡ. ಸವರುವುದೂ ಬೇಡ. ನೆರಳು ಬಿದ್ದ ಕೆಳಗಿನ ಕೊಂಬೆಗಳನ್ನು ತಾನೇ ಒಣಗಿಸಿ ಬೀಳಿಸುತ್ತದೆ, ಕೆಳಗೆ ಕಾರು ನಿಲ್ಲಿಸಿರಬಾರದು ಅಷ್ಟೆ. ಕೆಲವು ವರ್ಷ ವಸಂತದಲ್ಲಿ ಕಂಬಳಿಹುಳ ಬಂದು ಕೊಂಬೆಯ ತುದಿಯಲ್ಲಿ ಬಲೆಯ ಡೇರೆ ಹಾಕಿ ಎಲೆಯನ್ನೆಲ್ಲ ಮೇಯುತ್ತದೆ. ಔಷಧಿ ಹೊಡೆಯಲು ಓಡಬೇಡಿ. ಗಟ್ಟಿ ಮರ ಅದೇ ಬೇಸಿಗೆಯಲ್ಲಿ ಮತ್ತೆ ಚಿಗುರುತ್ತದೆ. ತೊಗಟೆಯ ಬಿಳಿ ತೇಪೆ ನೋಡಿ ರೋಗ ಅಂದುಕೊಳ್ಳುವವರೂ ಇದ್ದಾರೆ. ಅದು ಕಲ್ಲುಹೂವಿನ ಬಳಗದ್ದು. ಮಸಾಲೆಗೆ ಹಾಕುವ ಆಸೆ ಮಾತ್ರ ಬೇಡ.

ನಿಜವಾಗಿ ಯೋಚಿಸಬೇಕಾದದ್ದು ಜಾಗದ ಬಗ್ಗೆ. ಮೂವತ್ತು ಮೀಟರ್ ಏರುವ ಮರವನ್ನು ಮನೆಯ ಗೋಡೆಗೆ, ಚರಂಡಿ ಪೈಪಿಗೆ ಹತ್ತಿರ ಬಿಟ್ಟುಕೊಂಡರೆ ಮುಂದೆ ಖರ್ಚು ಗ್ಯಾರಂಟಿ. ಆಯುಸ್ಸೂ ಕಡಿಮೆ. ಅರವತ್ತು ಎಪ್ಪತ್ತಕ್ಕೆ ಮುಪ್ಪು, ನೂರು ದಾಟುವುದು ಅಪರೂಪ. ಫೆಬ್ರವರಿಯಲ್ಲಿ ಬೋಳು ಕೊಂಬೆಯ ಮೇಲೆ ಕೆಂಗಂದು ಹೂಗೊಂಚಲು ಜೋತು ಬೀಳುತ್ತದೆ. ನೋಡಲು ಚೆಂದ. ಪರಾಗ ಗಾಳಿಗೆ ಹಾರುವುದರಿಂದ ಮೂಗಿಗೆ ಅಷ್ಟು ಚೆಂದವಲ್ಲ. ಊರಿಂದ ತಂದ ಅಲರ್ಜಿ ಮಾತ್ರೆ ಸೆಟ್ರಿಜಿನ್ ಮುಗಿಯುವುದು ಆ ತಿಂಗಳೇ.

ಇಷ್ಟು ದುಡಿದರೂ ಮರ್ಯಾದೆ ಅಷ್ಟಕ್ಕಷ್ಟೆ. 2023ರಲ್ಲಿ ಬದಲಾಗುವವರೆಗೆ ಸಿಯಾಟಲ್ ನಗರದ ಮರ ರಕ್ಷಣೆಯ ನಿಯಮದಲ್ಲಿ ಕೆಂಪು ಆಲ್ಡರ್ ಒಂಟಿಯಾಗಿದ್ದರೆ ವಿಶೇಷ ಮರವಾಗಿರಲಿಲ್ಲ, ತೋಪಿನಲ್ಲಿ ಒಂದಾಗಿದ್ದರೆ ಮಾತ್ರ ಮಾನವಿತ್ತು. ಹಿಂದೆ ಮರದ ಕಂಪನಿಗಳು ದಿಮ್ಮಿಗೆಂದು ಡಗ್ಲಸ್ ಫರ್ ಮರ ಬೆಳೆಸುವ ಕಡೆ ಆಲ್ಡರನ್ನು ಕಳೆ ಎಂದು ವಿಷ ಹೊಡೆದು ಕೊಂದವು. ಡಗ್ಲಸ್ ಫರ್‌ನ ಬೇರು ಕೊಳೆಸುವ ದೊಡ್ಡ ರೋಗವೊಂದು ಆಲ್ಡರನ್ನು ಮುಟ್ಟುವುದಿಲ್ಲ ಎಂಬುದು ಆಮೇಲೆ ಲೆಕ್ಕಕ್ಕೆ ಬಂತು. ನಮ್ಮ ದೇಶದಲ್ಲೇ ಇದರ ಹಿಮಾಲಯದ ಬಂಧುವನ್ನು ಚೆನ್ನಾಗಿ ನೋಡಿಕೊಂಡವರಿದ್ದಾರೆ. ನಾಗಾಲ್ಯಾಂಡಿನ ಖೊನೊಮಾ ಹಳ್ಳಿಯ ಅಂಗಾಮಿ ರೈತರು ಹೊಲದೊಳಗಿನ ಆಲ್ಡರನ್ನು ಬುಡಸಮೇತ ಕಡಿಯುವುದಿಲ್ಲ. ಆಳೆತ್ತರದಲ್ಲಿ ತಲೆ ತೆಗೆದು, ನಡುವೆ ಬೆಳೆ ಬೆಳೆದು, ಮತ್ತೆ ಚಿಗುರಲು ಬಿಡುತ್ತಾರೆ. ಹಾಗೆ ತಲೆಮಾರುಗಳಿಂದ ಬದುಕಿರುವ ಮರಗಳಿವೆ ಅಲ್ಲಿ. ಅದನ್ನು ಓದಿ ಹುರುಪಿನಿಂದ ಇಲ್ಲಿಯ ಮರದ ತಲೆ ಕತ್ತರಿಸಬೇಡಿ. ಬಲಿತ ಕೆಂಪು ಆಲ್ಡರ್‌ಗೆ ಹಾಗೆ ಚಿಗುರುವ ಶಕ್ತಿ ಕಮ್ಮಿ.

ಕಟ್ಟಿಗೆಗೆ ಮಾತ್ರ ಒಳ್ಳೆ ಹೆಸರಿದೆ. ಫೆಂಡರ್ ಕಂಪನಿ 1956ರಿಂದ ತನ್ನ ಸ್ಟ್ರಾಟೊಕ್ಯಾಸ್ಟರ್ ಗಿಟಾರಿನ ಒಡಲಿಗೆ ಹೆಚ್ಚಾಗಿ ಬಳಸಿದ್ದು ಆಲ್ಡರನ್ನೇ. ಈ ಕರಾವಳಿಯ ಮೂಲನಿವಾಸಿಗಳು ತೊಗಟೆಯಿಂದ ಕೆಂಪು ಬಣ್ಣ ತೆಗೆದರು, ಸೌದೆಯ ಹೊಗೆಯಲ್ಲಿ ಸಾಲ್ಮನ್ ಮೀನು ಒಣಗಿಸಿದರು. ನಮ್ಮ ಪಕ್ಕದ ಮನೆಯ ನಿವೃತ್ತರಿಗೂ ಅದೇ ಕಣ್ಣು. ಬೇಲಿಯಾಚೆಯಿಂದ ಮರವನ್ನು "ಕಳೆ" ಅಂತ ಬೈಯುತ್ತಾರೆ, ಗಾಳಿಗೆ ಕೊಂಬೆ ಮುರಿದ ಮರುದಿನ ಗರಗಸ ಹಿಡಿದು ಬಾಗಿಲಿಗೆ ಬರುತ್ತಾರೆ. ಮೀನು ತಿನ್ನದ ನಮಗೆ ಸೌದೆ ಯಾಕೆ ಅಂತ ಅವರ ಲೆಕ್ಕ. ಈಚೆಗೆ ನಾನೂ ಅರ್ಧ ಇಟ್ಟುಕೊಳ್ಳುತ್ತೇನೆ. ಆಲ್ಡರ್ ಕೆಂಡದ ಮೇಲೆ ಸುಟ್ಟ ಬದನೆಕಾಯಿಯ ಗೊಜ್ಜು ಬಹಳ ಚೆನ್ನಾಗಿ ಆಗುತ್ತದೆ. ಹುಳಿ ಸ್ವಲ್ಪ ಜಾಸ್ತಿ ಹಿಡಿಯುತ್ತದೆ, ಹಸಿಮೆಣಸು ನಿಮ್ಮ ಖುಷಿ.