ಬೋರ್ಡ್ ನೋಡಿ ಒಳಗೆ ಬರುವವರು ಯಾರು?

ತುಮಕೂರಿನಲ್ಲಿ ಡಿಟಿಪಿ, ಪ್ರಿಂಟಿಂಗ್ ಅಂಗಡಿ ಇಟ್ಟುಕೊಂಡಿರುವವನು ನಾನು. ಲೋಗೋ, ವಿಸಿಟಿಂಗ್ ಕಾರ್ಡ್, ಲೇಬಲ್, ಬೋರ್ಡ್ ಮಾಡಿಕೊಡೋದೇ ಹೊಟ್ಟೆಪಾಡು. ಇದನ್ನು ಓದಿ ನಾಲ್ಕು ಆರ್ಡರ್ ಕಮ್ಮಿಯಾದರೂ ಪರವಾಗಿಲ್ಲ ಅಂತಲೇ ಬರೀತಿದ್ದೀನಿ.

ಹೊಸದಾಗಿ ವ್ಯಾಪಾರ ಶುರು ಮಾಡುವವರು ಬಂದು ಕೂತ ತಕ್ಷಣ ಹೇಳೋದು ಒಂದೇ ಮಾತು. "ಅಣ್ಣ, ನೋಡಿದ್ರೆ ಬೆಂಗಳೂರು ಕಂಪನಿ ಥರ ಇರ್ಬೇಕು." 70 ಕಿಲೋಮೀಟರ್ ಆಚೆ ಇರೋ ಊರಿನ ಥರ ಕಾಣೋಕೆ ಅಷ್ಟೊಂದು ಆಸೆ ಯಾಕೋ. ಇನ್ನೂ ಬೋಣಿ ಆಗಿರಲ್ಲ, ಕಾರ್ಡಿನ ಮೇಲೆ 'ಫೌಂಡರ್ ಅಂಡ್ ಸಿಇಒ' ಬೇಕು. ಕಂಪನಿಯಲ್ಲಿ ಇರೋದು ಅವರು, ಅವರ ಹೆಂಡತಿ, ಸಂಜೆ ಕಾಲೇಜು ಬಿಟ್ಟ ಮೇಲೆ ಬರುವ ಭಾವಮೈದ.

ನಾನು ಹೇಳೋದಿಷ್ಟೇ. ನಿಮ್ಮ ಬೀದಿಯವರಿಗೆ ನಿಮ್ಮ ಬೋರ್ಡೇ ಬೇಕಿಲ್ಲ. "ಇಂಥವರ ಮಗ ಇಟ್ಟಿರೋ ಅಂಗಡಿ" ಅಂದರೆ ಅವರಿಗೆ ಸಾಕು. ಬೋರ್ಡು, ಕಾರ್ಡು, ಲೇಬಲ್ಲು ಎಲ್ಲ ಇರೋದು ನಿಮ್ಮ ಪರಿಚಯವೇ ಇಲ್ಲದವರಿಗೆ. ಇವರು ಯಾರು, ಎಲ್ಲಿದ್ದಾರೆ, ಏನು ರೇಟು, ಹೆಚ್ಚುಕಮ್ಮಿ ಆದರೆ ಯಾರನ್ನ ಕೇಳೋದು? ಇದಕ್ಕೆ ಬಾಯಿಬಿಟ್ಟು ಕೇಳದೆಯೇ ಉತ್ತರ ಸಿಗಬೇಕು. ಬಣ್ಣ, ಡಿಸೈನ್ ಎಲ್ಲ ಆಮೇಲಿನ ಮಾತು.

ಇಷ್ಟು ಹೇಳಿದರೆ ಯಾರಾದರೂ ಒಬ್ಬರು ಕ್ಯಾತಸಂದ್ರದ ತಟ್ಟೆ ಇಡ್ಲಿ ಹೋಟೆಲ್‌ಗಳನ್ನು ಎಳೆದು ತರ್ತಾರೆ. "ಅವರಿಗೆ ಯಾವ ಲೋಗೋ ಇದೆ ಸ್ವಾಮಿ? ಜನ ಕ್ಯೂ ನಿಲ್ಲಲ್ವಾ?" ನಿಲ್ತಾರೆ. ಆದರೆ ಅಲ್ಲಿ ಊರೇ ಬ್ರಾಂಡ್ ಆಗಿಹೋಗಿದೆ, ಪಕ್ಕದಲ್ಲೇ ಹೈವೇ ಇದೆ. ಇಡ್ಲಿ ಹೇಗಿರುತ್ತೆ ಅಂತ ಕಾರಿಂದ ಇಳಿಯೋಕೆ ಮುಂಚೆನೇ ಗೊತ್ತಿರುತ್ತೆ. ನಿನ್ನೆ ಮೊನ್ನೆ ಚಟ್ನಿಪುಡಿ ಮಾಡೋಕೆ ಶುರು ಮಾಡಿದವರಿಗೆ ಆ ಅನುಕೂಲ ಎಲ್ಲಿಂದ ಬರಬೇಕು?

ಲೇಬಲ್ ವಿಷಯ ಸ್ವಲ್ಪ ಬಿಡಿಸಿ ಹೇಳ್ತೀನಿ, ಜಾಸ್ತಿ ಎಡವಟ್ಟು ಆಗೋದೇ ಅಲ್ಲಿ. ಗುಬ್ಬಿ ಕಡೆಯ ಒಬ್ಬರು ಅಕ್ಕ ಬಂದಿದ್ದರು. ತಿಪಟೂರು ಕೊಬ್ಬರಿ ತರಿಸಿ, ಗಾಣದಲ್ಲಿ ಎಣ್ಣೆ ತೆಗೆಸಿ ಮಾರುತ್ತಾರೆ. ಎಣ್ಣೆ ನಿಜಕ್ಕೂ ಚೆನ್ನಾಗಿತ್ತು, ಮುಚ್ಚಳ ತೆಗೆದರೆ ಅಂಗಡಿಯೆಲ್ಲ ಘಮಘಮ. ಫೋನಲ್ಲಿ ಒಂದು ಚಿತ್ರ ತೋರಿಸಿ, "ಇಂಥದ್ದೇ ಹಾಕಿಕೊಡಿ ಅಣ್ಣ" ಅಂದರು. ಮೊಣಕಾಲಿನವರೆಗೆ ಕೂದಲು ಇಳಿಬಿಟ್ಟ ಹೆಂಗಸು, ಹಿಂದೆ ಬಂಗಾರದ ಬಣ್ಣ, ಮೇಲೆ ಇಂಗ್ಲಿಷಿನಲ್ಲಿ 'ಪ್ರೀಮಿಯಂ', ಕೆಳಗೆ 'ಆರ್ಗ್ಯಾನಿಕ್'.

"ಅಕ್ಕ, ಇದು ಅಡುಗೆಗೋ ತಲೆಗೋ?"

"ಎರಡಕ್ಕೂ ಅಣ್ಣ."

ಇಲ್ಲೇ ಇರೋದು ತೊಡಕು. ಸಣ್ಣ ಬಾಟಲಿಯಲ್ಲಿ ಮಾರಿದರೂ ಕೊಬ್ಬರಿ ಎಣ್ಣೆ ಅಡುಗೆ ಎಣ್ಣೆಯೇ ಅಂತ ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದೆ. ಆದರೆ ಲೇಬಲ್ಲಿನಲ್ಲಿ ನೀವೇ ಅದನ್ನು ತಲೆಗೆ ಹಚ್ಚುವ ಎಣ್ಣೆ ಅಂತ ಮಾಡಿಕೊಂಡರೆ ಲೆಕ್ಕ ಬೇರೆ. ಆಗ ಅದು ಕಾಸ್ಮೆಟಿಕ್ಸ್ ಕಡೆಗೆ ಹೋಗುತ್ತೆ, ತಯಾರಿಸೋಕೆ ಬೇರೆಯದೇ ಲೈಸೆನ್ಸ್ ಬೇಕಾಗುತ್ತೆ. ಇನ್ನು 'ಆರ್ಗ್ಯಾನಿಕ್' ಅಂತ ಸುಮ್ನೆ ಹಾಕಿಕೊಳ್ಳೋ ಹಾಗಿಲ್ಲ, ಅದಕ್ಕೆ ಸರ್ಟಿಫಿಕೇಟ್ ಇರಬೇಕು. ಅಂದ ಹೆಚ್ಚಲಿ ಅಂತ ಹಾಕಿಸೋ ಚಿತ್ರ, ಪದಗಳೇ ಆಮೇಲೆ ತಲೆನೋವು ತರ್ತಾವೆ.

ಅವರ ಹಳೇ ಬಾಟಲಿ ತಿರುಗಿಸಿ ನೋಡಿದೆ. ಆಹಾರ ಪದಾರ್ಥ ಮಾರೋಕೆ ಬೇಕಾದ ಎಫ್‌ಎಸ್‌ಎಸ್‌ಎಐ ನಂಬರ್ ಇತ್ತು, 14 ಅಂಕಿಯದು. ಅದೊಂದು ಖುಷಿ. ಆದರೆ ತಯಾರಿಸಿದ ತಿಂಗಳು ಇಲ್ಲ, ಬ್ಯಾಚ್ ನಂಬರ್ ಇಲ್ಲ, ಎಷ್ಟು ದಿನದೊಳಗೆ ಬಳಸಬೇಕು ಅಂತ ಇಲ್ಲ, ವಿಳಾಸ ಅರ್ಧ. ಸಸ್ಯಾಹಾರ ಅಂತ ತೋರಿಸೋ, ಚೌಕದೊಳಗಿನ ಹಸಿರು ಚುಕ್ಕಿ ಇಲ್ಲ. ಎಲ್ಲಾ ತೆರಿಗೆ ಸೇರಿದ ಎಂಆರ್‌ಪಿ ಇಲ್ಲ. ಬೆಲೆ ಪೆನ್ನಿನಲ್ಲಿ ಬರೆದಿದ್ದು, ಎಣ್ಣೆ ಜಿಡ್ಡಿಗೆ ಅಳಿಸಿಹೋಗಿತ್ತು. ಗುಬ್ಬಿಯ ಗಿರಾಕಿ ಇದನ್ನೆಲ್ಲ ಕೇಳಲ್ಲ. ಮಗಳಿಗೆ ಅಂತ ಕೊಂಡುಹೋದ ಬಾಟಲಿ ಬೆಂಗಳೂರಿನ ಅಪಾರ್ಟ್‌ಮೆಂಟ್ ಸೇರಿ, ಪಕ್ಕದ ಮನೆಯವರು "ನಮಗೂ ಬೇಕಿತ್ತು" ಅಂದಾಗ ಅವರ ಕೈಲಿ ಇರೋದು ಆ ಲೇಬಲ್ ಮಾತ್ರ. ಅದರಲ್ಲಿ ಫೋನ್ ನಂಬರ್ ಅಳಿಸಿದ್ದರೆ ಆ ವ್ಯಾಪಾರ ಅಲ್ಲಿಗೇ ಮುಗೀತು.

ಕೊನೆಗೆ ಬಿಳಿ ಲೇಬಲ್, ಒಂದೇ ಬಣ್ಣ, ಕನ್ನಡದಲ್ಲಿ ದೊಡ್ಡ ಹೆಸರು, ಹಿಂದೆ ಎಲ್ಲ ವಿವರ, ಜಿಡ್ಡು ತಗುಲಿದರೂ ಹಾಳಾಗದ ಸ್ಟಿಕ್ಕರ್. ಬಂಗಾರದ ಬಣ್ಣಕ್ಕೆ ಕೊಡಬೇಕಿದ್ದ ದುಡ್ಡು ಒಳ್ಳೆ ಮುಚ್ಚಳಕ್ಕೆ ಹೋಯಿತು. ಅಕ್ಕನಿಗೆ ಪೂರ್ತಿ ಸಮಾಧಾನ ಆದ ಹಾಗೆ ಕಾಣಲಿಲ್ಲ ಬಿಡಿ. ಆ ಹೆಂಗಸಿನ ಚಿತ್ರ ಅವರಿಗೆ ತುಂಬಾ ಇಷ್ಟವಾಗಿತ್ತು.

ದುಡ್ಡು ಕೊಡೋ ಜಾಗ ನೋಡಿ. ಬೋರ್ಡಿನಲ್ಲಿ ದೇವರ ಹೆಸರಿನ ಟ್ರೇಡರ್ಸ್. ಕ್ಯೂಆರ್ ಸ್ಕ್ಯಾನ್ ಮಾಡಿದರೆ ಮೊಬೈಲ್‌ನಲ್ಲಿ ಬರೋದು ಓನರ್ ನಾದಿನಿ ಹೆಸರು. ಹೊಸಬರು ಒಂದು ಕ್ಷಣ ತಡೆದು, "ಇದು ನಿಮ್ದೇನಾ?" ಅಂತ ಕೇಳೇ ಕೇಳ್ತಾರೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಜಿಎಸ್‌ಟಿ ನೋಟಿಸ್ ಬಂದಾಗ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕಿತ್ತು 'ಕ್ಯಾಶ್ ಮಾತ್ರ' ಅಂತ ಚೀಟಿ ಅಂಟಿಸಿದರು. ಆ ಭಯ ಅರ್ಥವಾಗುತ್ತೆ. ಆದರೆ ಜಿಎಸ್‌ಟಿ ನೋಂದಣಿ ಕಡ್ಡಾಯ ಆಗೋದು ಸರಕಿನ ವ್ಯಾಪಾರ ವರ್ಷಕ್ಕೆ 40 ಲಕ್ಷ, ಸೇವೆಯಾದರೆ 20 ಲಕ್ಷ ದಾಟಿದಾಗ. ಅದನ್ನು ಆಡಿಟರ್ ಹತ್ತಿರ ಕೂತು ಒಂದು ಸಲ ಸರಿಯಾಗಿ ಕೇಳಿಕೊಂಡು, ಅಂಗಡಿ ಹೆಸರಲ್ಲೇ ಕರೆಂಟ್ ಅಕೌಂಟ್ ಮಾಡಿಸೋದು ವಾಸಿ. ನಾದಿನಿ ಹೆಸರಿನ ಹಿಂದೆ ಎಷ್ಟು ದಿನ ಬಚ್ಚಿಟ್ಟುಕೊಳ್ತೀರಿ?

ಆ ಅಕೌಂಟ್‌ಗೆ ದಾಖಲೆಯಾಗಿ ಕೊಡಬಹುದಾದ ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ದಿಮೆ ಅಂತ ಸರ್ಕಾರದಲ್ಲಿ ಹೆಸರು ಬರೆಸೋದು, ಸರ್ಕಾರಿ ಪೋರ್ಟಲ್‌ನಲ್ಲಿ ಪೂರ್ತಿ ಉಚಿತ. 2020ರ ಜುಲೈ 1ರಿಂದ ಇದೆ. ಅದಕ್ಕೂ ಸಾವಿರಗಟ್ಟಲೆ ಕೊಟ್ಟು ಬಂದವರನ್ನು ನೋಡಿದ್ದೀನಿ.

ಫೋನ್ ವಿಷಯಕ್ಕೆ ಬಂದರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತೆ. ವಸಂತನರಸಾಪುರದ ಕಾರ್ಖಾನೆಯೊಂದರಿಂದ ಕ್ಯಾಂಟೀನ್ ಊಟಕ್ಕೆ ಕೊಟೇಶನ್ ಕೇಳ್ತಾರೆ ಅಂದುಕೊಳ್ಳಿ. ನಮ್ಮವರು ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಕಳಿಸ್ತಾರೆ: "ಸಾರ್, ನಮ್ಮ ರೇಟು ಮಾಮೂಲಿ, ಎದುರಿಗೆ ಮಾತಾಡೋಣ." ಡಿಪಿಯಲ್ಲಿ ಯಾವುದೋ ಲೀಡರ್ ಜೊತೆ ಹಾರ ಹಾಕಿಕೊಂಡ ಫೋಟೋ. ಪರ್ಚೇಸ್ ಡಿಪಾರ್ಟ್‌ಮೆಂಟಿನ ಹುಡುಗ ಆ ವಾಯ್ಸ್ ಮೆಸೇಜನ್ನು ಮ್ಯಾನೇಜರ್ ಮುಂದೆ ಪ್ಲೇ ಮಾಡ್ತಾನಾ? ಅವನಿಗೆ ಬೇಕಿರೋದು ಒಂದು ಪುಟ. ಲೆಟರ್‌ಹೆಡ್, ತಾರೀಖು, ಒಂದು ಊಟಕ್ಕೆ ಇಷ್ಟು, ಏನೇನು ಇರುತ್ತೆ, ರೇಟು ಯಾವತ್ತಿನವರೆಗೆ, ಕೆಳಗೊಂದು ಸಹಿ. ವಾಟ್ಸಾಪ್ ಬಿಸಿನೆಸ್ ಆಪ್‌ಗೆ ದುಡ್ಡಿಲ್ಲ. ಅದರಲ್ಲಿ ಅಂಗಡಿ ಸಮಯ, ವಿಳಾಸ, ಮಾಲಿನ ಫೋಟೋ, ರೇಟು ಎಲ್ಲ ಹಾಕಿಡಬಹುದು. ಗೂಗಲ್ ಮ್ಯಾಪ್‌ನಲ್ಲಿ ಅಂಗಡಿ ಸೇರಿಸೋಕೂ ದುಡ್ಡಿಲ್ಲ. ಸೇರಿಸಿದ ಮೇಲೆ ರಜೆ ಯಾವತ್ತು ಅಂತ ಹಾಕಿ, ಪುಣ್ಯ ಬರುತ್ತೆ. ಶಿರಾದಿಂದ ಬಸ್ ಹತ್ತಿ ಬಂದವರು ಮುಚ್ಚಿದ ಷಟರ್ ನೋಡಿ ವಾಪಸ್ ಹೋಗೋದು ತಪ್ಪುತ್ತೆ.

ಬೋರ್ಡ್ ಬಗ್ಗೆ ಎರಡೇ ಮಾತು. 60% ಕನ್ನಡ ಅನ್ನೋದು 2024ರಿಂದ ಕಾನೂನೇ ಆಗಿದೆ, ಅದನ್ನು ಮಾಡದೆ ವಿಧಿಯಿಲ್ಲ. ಆದರೆ ಆ ಕನ್ನಡ ಸರಿ ಇರಬೇಕಲ್ವಾ? ನೀವು ಮೊಬೈಲ್‌ನಲ್ಲಿ ಟೈಪ್ ಮಾಡಿ ಕಳಿಸೋದು ಯುನಿಕೋಡ್. ಡಿಸೈನ್ ಮಾಡೋದು ಎಷ್ಟೋ ಕಡೆ ಇನ್ನೂ ಹಳೇ ನುಡಿ ಫಾಂಟಿನಲ್ಲಿ, ಅದರ ಅಕ್ಷರದ ಕೋಡೇ ಬೇರೆ. ಬದಲಾಯಿಸುವಾಗ ಒತ್ತಕ್ಷರ ಪಕ್ಕಕ್ಕೆ ಜಾರುತ್ತೆ, ಅರ್ಕಾವತ್ತು ಎಲ್ಲೋ ಹೋಗಿ ಕೂರುತ್ತೆ. 'ಎಂಟರ್‌ಪ್ರೈಸಸ್' ಸರಿಯಾಗಿ ಮೂಡಿರೋ ಬೋರ್ಡ್ ಸಿಕ್ಕರೆ ಫೋಟೋ ಕಳಿಸಿ, ಅಂಗಡಿಯಲ್ಲಿ ಅಂಟಿಸ್ತೀನಿ. ಪ್ರೂಫ್ ಕೊಟ್ಟಾಗ "ಸರಿ ಇದೆ ಹಾಕಿ" ಅನ್ನೋಕೆ ಮುಂಚೆ, ಮನೆಯಲ್ಲಿ ಓದೋ ಮಕ್ಕಳ ಕೈಲಿ ಒಂದು ಸಲ ಗಟ್ಟಿಯಾಗಿ ಓದಿಸಿ. ಹತ್ತು ಅಡಿ ಬೋರ್ಡ್ ಹಾಕಿಸಿ, ಅದರಲ್ಲಿ ಹೆಸರೇ ತಪ್ಪಿದ್ದರೆ ನೋಡಿದವರು ಏನಂದ್ಕೋಬೇಕು? ಬಿಲ್ಲೂ ಹೀಗೇ ಬರೀತಾರೇನೋ ಅಂತ ತಾನೇ?

ಇನ್ನು ಲೋಗೋ. ಆತುರ ಬೇಡ, ಒಂದು ವರ್ಷ ವ್ಯಾಪಾರ ಮಾಡಿ. ಆಗಲೂ ಅದೇ ಹೆಸರು, ಅದೇ ಮಾಲು ಇಟ್ಟುಕೊಂಡಿದ್ದರೆ ಬನ್ನಿ, ಮನಸ್ಸಿಟ್ಟು ಮಾಡಿಕೊಡ್ತೀನಿ. ಹೆಸರು ಊರಲ್ಲಿ ಓಡಾಡೋಕೆ ಶುರುವಾಗಿದ್ದರೆ ಟ್ರೇಡ್‌ಮಾರ್ಕ್ ಅರ್ಜಿಯನ್ನೂ ಹಾಕಿಬಿಡಿ. ಸಣ್ಣ ಉದ್ದಿಮೆಯವರಿಗೆ ಆನ್‌ಲೈನ್‌ನಲ್ಲಿ ಒಂದು ವರ್ಗಕ್ಕೆ, ಅಂದರೆ ಒಂದು ಬಗೆಯ ಸರಕು ಇಲ್ಲವೇ ಸೇವೆಗೆ, 4,500 ರೂಪಾಯಿ ಸರ್ಕಾರಿ ಫೀಸು, ಸಿಕ್ಕರೆ 10 ವರ್ಷ ನಡೆಯುತ್ತೆ. ನಿಮ್ಮ ಹೆಸರಿನ ಮುಂದೆ 'ನ್ಯೂ' ಅಂತ ಸೇರಿಸಿಕೊಂಡು ಎದುರುಗಡೆಯೇ ಇನ್ನೊಬ್ಬರು ಅಂಗಡಿ ತೆಗೆಯೋ ಹೊತ್ತಿಗೆ ಆ ಕಾಗದ ಕೈಲಿದ್ದರೆ ಒಳ್ಳೇದು. ಆ 'ನ್ಯೂ' ಬೋರ್ಡ್ ಮಾಡಿಸೋಕೂ ಅವರು ನನ್ನ ಹತ್ರನೇ ಬರ್ತಾರೆ, ಅದು ಬೇರೆ ಮಾತು.